ಅಜ್ಜಿಯ ಸಂಡಿಗೆ ಎತ್ತಿಸಿದ ಹಾಡು: ಸ್ಕ್ರಿಲೆಕ್ಸ್, ಫ್ರೆಡ್ ಅಗೇನ್, ಫ್ಲೋಡಾನ್ ಸೇರಿ ಮಾಡಿದ ‘ರಂಬಲ್’

ಮೊದಲೇ ಹೇಳಿಬಿಡ್ತೀನಿ, ಈ ಹಾಡನ್ನ ಮೊಬೈಲಲ್ಲಿ ಕೇಳಿ ‘ಇದರಲ್ಲೇನಿದೆ ಮಹಾ’ ಅಂತ ನನಗೆ ಮೆಸೇಜ್ ಹಾಕಬೇಡಿ. ನಾನೂ ಅದನ್ನೇ ಮಾಡಿದ್ದೆ. 2023ರ ಜನವರಿ 4ಕ್ಕೆ ಹಾಡು ಹೊರಬಂತು, ಮಾರನೇ ದಿನ ಕೆಲಸಕ್ಕೆ ಹೋಗ್ತಾ ಬಸ್ಸಲ್ಲಿ ನಿಂತುಕೊಂಡು ಮೊಬೈಲ್ ಕಿವಿ ಹತ್ತಿರ ಹಿಡಿದು ಕೇಳಿದೆ. ಯಾವುದೋ ಹೆಣ್ಣು ದನಿಯನ್ನ ಚೂರುಚೂರು ಮಾಡಿ ಎಸೆದ ಹಾಗೆ ಶುರು. ಆಮೇಲೆ ಒಬ್ಬ ಗಡಸು ಗಂಟಲಿನ ಮನುಷ್ಯ ಏನೋ ಬೆದರಿಸ್ತಾನೆ. ಚಟಚಟ ಅಂತ ಒಂದಿಷ್ಟು ಸದ್ದು. ಎಲ್ಲರೂ ಕಾಯೋ ‘ಡ್ರಾಪ್’, ಅಂದರೆ ತಡೆದಿಟ್ಟ ಬಾಸ್ ಒಮ್ಮೆಲೇ ಬೀಳೋ ಗಳಿಗೆ, ಬರೋ ಜಾಗದಲ್ಲಿ ಖಾಲಿ. ಏನೂ ಇಲ್ಲ. ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿದ್ದಕ್ಕೆ ನನ್ನನ್ನೇ ಬೈಕೊಂಡೆ.

ಆ ಖಾಲಿ ಖಾಲಿಯಲ್ಲ. ಮೊಬೈಲಿನ ಉಗುರಿನಷ್ಟು ಸ್ಪೀಕರಿಗೆ 200 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಸರಿಯಾಗಿ ಹೊರಡಿಸೋಕೆ ತಾಕತ್ತಿಲ್ಲ. ಈ ಹಾಡು ಸಂಸಾರ ಹೂಡಿರೋದೇ ಅದರ ಕೆಳಗೆ. ಆ ರಾತ್ರಿ ನಾನು ಕೆಲಸ ಮಾಡೋ ಪಬ್ ಮುಚ್ಚಿದ ಮೇಲೆ, ಹುಡುಗರು ಟೇಬಲ್ ಒರೆಸ್ತಿದ್ದಾಗ, ಸಬ್ (ಬಾಸ್‌ಗೆ ಅಂತಲೇ ಇರೋ ದೊಡ್ಡ ಸ್ಪೀಕರ್) ಆಫ್ ಮಾಡೋ ಮುಂಚೆ ಒಂದು ಸಲ ಹಾಕಿದೆ. ಬಾರ್ ಕೌಂಟರಲ್ಲಿ ಬೋರಲು ಹಾಕಿದ್ದ ಗ್ಲಾಸುಗಳೆಲ್ಲ ಒಂದಕ್ಕೊಂದು ಹಲ್ಲು ಕಡಿದವು. ಒರೆಸ್ತಿದ್ದ ಹುಡುಗ ಬಟ್ಟೆ ಹಿಡಿದುಕೊಂಡೇ ನಿಂತ. ಅಲ್ಲಿಂದ ಎರಡು ತಿಂಗಳು ಈ ಹಾಡನ್ನ ನಾಲ್ಕು ತರದ ಸ್ಪೀಕರ್ ಬಾಕ್ಸಿನಲ್ಲಿ ಹಾಕಿ ನೋಡಿದೆ. ಆಮೇಲೇ ಬರೆಯೋಕೆ ಕೂತೆ.

ನನ್ನ ಲೆಕ್ಕ ಬಾಕ್ಸಿಂದ ಶುರು ಆಗುತ್ತೆ, ಕಾರಣ ಇದೆ. ನಮ್ಮಪ್ಪಂದು ಮದ್ದೂರು ಕಡೆ ಮೈಕ್‌ಸೆಟ್. ಮದುವೆ, ತಿಥಿ, ಗಣಪತಿ, ಎಲೆಕ್ಷನ್, ಎಲ್ಲಕ್ಕೂ. ನಾನು ನಡೆಯೋಕೆ ಕಲಿತದ್ದು ಅಹುಜಾ ಆಂಪ್ಲಿಫೈಯರ್ ಹಿಡ್ಕೊಂಡು ಅಂತ ಅಮ್ಮ ಹೇಳ್ತಾಳೆ. ಈಗ ಇಂದಿರಾನಗರದ ಪಬ್ಬೊಂದರಲ್ಲಿ ವಾರದಲ್ಲಿ ನಾಲ್ಕು ದಿನ ಸೌಂಡ್ ನೋಡ್ಕೋತೀನಿ, ಗುರುವಾರ ಗಿರಾಕಿ ಕಮ್ಮಿ ಇರೋದರಿಂದ ನಾನೇ ಡೀಜೆ. ಹಾಗಾಗಿ ಹಾಡು ಬರೆದವರ ನೋವು ನಲಿವು ನನಗೆ ಅಷ್ಟಾಗಿ ತಿಳಿಯಲ್ಲ. ಸ್ಪೀಕರಿನ ಕೋನ್ (ಅಲುಗಾಡೋ ಕಾಗದದ ಬಟ್ಟಲು) ಎಷ್ಟು ಮುಂದೆ ಬಂತು, ಎಷ್ಟು ಹಿಂದೆ ಹೋಯ್ತು ಅನ್ನೋದು ತಿಳಿಯುತ್ತೆ.

ಮೂವರು ಯಾರು ಅಂತ ಗೊತ್ತಿಲ್ಲದವರಿಗೆ ಚುಟುಕಾಗಿ. ಸ್ಕ್ರಿಲೆಕ್ಸ್ ಅಮೆರಿಕದವನು, ಹೆಸರು ಸನ್ನಿ ಮೂರ್. ಮೊದಲು ರಾಕ್ ಬ್ಯಾಂಡೊಂದರಲ್ಲಿ ಕಿರುಚ್ತಿದ್ದವನು, 2010ರಲ್ಲಿ ಲ್ಯಾಪ್‌ಟಾಪ್ ಸಂಗೀತಕ್ಕೆ ಬಂದು ಜಗತ್ತಿನ ಕಾಲೇಜು ಹುಡುಗರ ಕಿವಿಯನ್ನೆಲ್ಲ ಕೆಡಿಸಿದ. ಫ್ರೆಡ್ ಅಗೇನ್ ಲಂಡನ್ನಿನವನು, ಹಿರಿಯ ಸಂಗೀತಗಾರ ಬ್ರಯನ್ ಈನೋ ಕೈಕೆಳಗೆ ಪಳಗಿದವನು, ಸ್ನೇಹಿತರ ಫೋನ್ ಮಾತು, ಇನ್‌ಸ್ಟಾಗ್ರಾಂ ವಿಡಿಯೋ ತುಣುಕು, ಕೈಗೆ ಸಿಕ್ಕಿದ್ದನ್ನೆಲ್ಲ ಹಾಡು ಮಾಡ್ತಾನೆ. ಫ್ಲೋಡಾನ್ ಬಗ್ಗೆ ಆಮೇಲೆ ಬರ್ತೀನಿ, ಅವನಿಗೆ ಎರಡು ಸಾಲು ಸಾಲಲ್ಲ.

ಹಾಡು ನಿಜಕ್ಕೂ ಹೊಸದಲ್ಲ. 2022ರ ಜುಲೈನಲ್ಲಿ ಫ್ರೆಡ್ ಲಂಡನ್ನಿನ ಬಾಯ್ಲರ್ ರೂಮ್‌ನಲ್ಲಿ (ಡೀಜೆಗಳು ನುಡಿಸೋದನ್ನ ಆನ್‌ಲೈನಲ್ಲಿ ತೋರಿಸೋ ಕಾರ್ಯಕ್ರಮ) ಇದನ್ನ ನುಡಿಸಿದ್ದ, ಆಗ ಇದಕ್ಕೆ ಹೆಸರೂ ಇರಲಿಲ್ಲ. ಆ ವಿಡಿಯೋ ನೋಡಿದವರಿಗೆ ನೆನಪಿರಬಹುದು, ಪಕ್ಕದಲ್ಲಿ ಕುಣೀತಿದ್ದವನ ಕೈ ತಗುಲಿ ನಡುವೆ ಒಂದು ಸಲ ಹಾಡೇ ನಿಂತುಹೋಗುತ್ತೆ. ಜಗತ್ತೆಲ್ಲ ಅದನ್ನ ನೋಡಿ ನಕ್ಕಿತು. ನಮ್ಮ ಮೈಕ್‌ಸೆಟ್ ಜನಕ್ಕೆ ಅದು ನಗೋ ವಿಷಯವೇ ಅಲ್ಲ. ಆರತಿ ತಟ್ಟೆ ಹಿಡಿದ ಹೆಂಗಸರು ವೈರ್ ಎಡವದ ಮದುವೆಯನ್ನ ನಾನಿನ್ನೂ ನೋಡಿಲ್ಲ.

ಸರಿ, ಹಾಡು. ವೇಗ 140 ಬಿಪಿಎಂ, ಅಂದರೆ ನಿಮಿಷಕ್ಕೆ 140 ಪೆಟ್ಟು. ಕೇಳೋಕೆ ಓಟ ಅನ್ನಿಸುತ್ತೆ, ಆದರೆ ಕಾಲು ಬೀಳೋದು ಅದರ ಅರ್ಧಕ್ಕೆ, 70ಕ್ಕೆ. ಮೇಲೆ ಚಟಪಟ ಓಡುತ್ತೆ, ಕೆಳಗೆ ಆನೆ ನಡೆಯುತ್ತೆ. ಶುರುವಿನ ದನಿ ಚೂರುಗಳು ಮುಗೀತಿದ್ದ ಹಾಗೆ ಫ್ಲೋಡಾನ್ ಬರ್ತಾನೆ, ಕಾಡಲ್ಲಿ ಕೊಲೆಗಾರರಿದ್ದಾರೆ, ಗುಡುಗು ಕೇಳಿಸ್ತಿದೆಯಾ ಅನ್ನೋ ಧಾಟಿಯಲ್ಲಿ. ಅವನು ಬಾಯಿ ಮುಚ್ಚಿದ ಮೇಲೆ ಒಂದು ಗಳಿಗೆ ಪೂರ್ತಿ ಮೌನ. ಆ ಮೌನದೊಳಗೆ ಬಾಸ್ ಬಂದು ಕೂರುತ್ತೆ, ಒಂದು ನುಡಿ ನುಡಿದು ಮತ್ತೆ ಎದ್ದು ಹೋಗುತ್ತೆ. ಅದು ಹೋದ ಮೇಲೆ ಉಳಿಯೋ ಜಾಗವನ್ನ ಇವರು ತುಂಬಿಸಿಲ್ಲ. ಅದೇ ಇದರ ಧೈರ್ಯ. ಮೂರು ಜನ ಸೇರಿ ಅಡುಗೆ ಮಾಡಿದರೆ ಸಾಮಾನ್ಯವಾಗಿ ಮೂರು ಸಲ ಉಪ್ಪು ಬೀಳುತ್ತೆ. ಇಂಥ ಕೂಡು ಹಾಡುಗಳಲ್ಲಿ ತೊಂಬತ್ತು ಪಾಲು ಹಾಗೇ ಇರ್ತವೆ, ಒಬ್ಬೊಬ್ಬನೂ ತನ್ನ ಹಾಜರಿ ಹಾಕಬೇಕು. ಇಲ್ಲಿ ಮೂವರೂ ಕೈ ಹಿಂದಕ್ಕೆ ತಗೊಂಡಿದ್ದಾರೆ. ನಾಲ್ಕನೆಯವನಿಗೆ ಜಾಗ ಬಿಟ್ಟಿದ್ದಾರೆ. ಆ ನಾಲ್ಕನೆಯವನು ಬಾಕ್ಸು.

ಈ ಮಾತಿಗೆ ಸಾಕ್ಷಿ ನಮ್ಮೂರಲ್ಲೇ ಸಿಕ್ಕಿತು. ಫೆಬ್ರವರಿ 18, ಶನಿವಾರ, ಶಿವರಾತ್ರಿ. ಶನಿವಾರ ರಜೆ ಕೇಳಿದ್ದಕ್ಕೆ ಪಬ್ಬಿನ ಮ್ಯಾನೇಜರ್ ಮುಖ ಹೇಗೆ ಮಾಡಿದ ಅಂತ ಬೇಡ. ಊರಲ್ಲಿ ಜಾಗರಣೆಗೆ ಪೌರಾಣಿಕ ನಾಟಕ, ಅಪ್ಪನ ಸೆಟ್ಟು, ಕೆಲಸದ ಹುಡುಗ ಕೈ ಕೊಟ್ಟಿದ್ದ. ಮಧ್ಯಾಹ್ನ ನಾಲ್ಕಕ್ಕೆ ದೇವಸ್ಥಾನದ ಮುಂದೆ ಡಬಲ್ 18 ಇಂಚಿನ ಬಾಸ್ ಬಾಕ್ಸ್ ನಾಲ್ಕು ಜೋಡಿಸಿ, ಟೆಸ್ಟಿಂಗಿಗೆ ಅಂತ ನನ್ನ ಪೆನ್‌ಡ್ರೈವ್ ಚುಚ್ಚಿ ಇದನ್ನ ಹಾಕಿದೆ. ಫ್ಲೋಡಾನ್ ಮಾತಾಡಿದ, ಮೌನ ಬಂತು. ಅಪ್ಪ ಜನರೇಟರ್ ಹತ್ತಿರದಿಂದಲೇ ಕೂಗಿದ್ರು:

‘ವೈರು ಬಿಟ್ಟೋಯ್ತೇನ್ಲಾ?’

ಉತ್ತರ ಕೊಡೋಕೆ ಬಾಯಿ ತೆಗೆಯೋ ಮುಂಚೆ ಬಾಸ್ ಬಂತು. ಶಾಮಿಯಾನದ ಬಟ್ಟೆ ಒಂದು ಸಲ ಉಬ್ಬಿ ಇಳೀತು. ನಂದಿಗೆ ಹಾಕಿದ್ದ ಹಾರದಿಂದ ನಾಲ್ಕು ಸೇವಂತಿಗೆ ಎಸಳು ಉದುರಿದವು, ಇದನ್ನ ನಾನು ಕಣ್ಣಾರೆ ನೋಡಿದೆ. ಎರಡನೇ ಸಲ ಬಾಸ್ ಬಂದು ಹೋಗೋ ಹೊತ್ತಿಗೆ ಪಕ್ಕದ ಬೀದಿಯ ನಮ್ಮನೆ ಮಾಳಿಗೆಯಿಂದ ಅಜ್ಜಿ ಕೂಗು:

‘ಗುಡುಗ್ತಾ ಅದೆ ಕಣ್ರೋ, ಮಳೆ ಬತ್ತದೆ, ಯಾರಾದ್ರೂ ಬಂದು ಸಂಡಿಗೆ ಎತ್ಕಳ್ರೋ!’

ಹಿಂದಿನ ದಿನ ಇಟ್ಟಿದ್ದ ಅಕ್ಕಿ ಸಂಡಿಗೆ. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಹಾಡಿನ ಹೆಸರೇ ಗುಡುಗು ಅಂತ ಅಜ್ಜಿಗೆ ಯಾರೂ ಹೇಳಿರಲಿಲ್ಲ. ಗೋಡೆ, ಮಾಡು ದಾಟಿ ಬಂದ ಸದ್ದಲ್ಲಿ ಫ್ಲೋಡಾನ್ ಬೆದರಿಕೆ, ಹೆಣ್ಣು ದನಿ, ಚಟಪಟ ಎಲ್ಲ ಸೋರಿಹೋಗಿ ಬರೀ ಬಾಸ್ ಮಾತ್ರ ಅವಳನ್ನ ಮುಟ್ಟಿತ್ತು. ಅದರಲ್ಲಿ ಆಶ್ಚರ್ಯ ಏನಿಲ್ಲ. 40 ಹರ್ಟ್ಸಿನ ಒಂದು ಅಲೆಯ ಉದ್ದ ಸುಮಾರು 28 ಅಡಿ. ಅಷ್ಟುದ್ದದ ಅಲೆಗೆ ನಮ್ಮೂರ ಮಣ್ಣಿನ ಗೋಡೆ ಯಾವ ಲೆಕ್ಕ. ಹಾರ್ನ್ ಸ್ಪೀಕರಿನ ಚೂಪು ಸದ್ದು ಕೈ ಅಡ್ಡ ಹಿಡಿದರೆ ಕಮ್ಮಿಯಾಗುತ್ತೆ, ಬಾಸ್ ಮೂಲೆ ತಿರುಗಿ ಬರುತ್ತೆ. ಬೆಂಗಳೂರಲ್ಲಿ ಪಬ್ಬಿನ ಮೇಲೆ ದೂರು ಕೊಡೋ ಅಕ್ಕಪಕ್ಕದವರೂ ಹಾಡು ಕೇಳಿಸುತ್ತೆ ಅನ್ನಲ್ಲ, ಮಂಚ ನಡುಗುತ್ತೆ ಅಂತಾರೆ.

ಸಂಡಿಗೆ ಎತ್ತಿ ಕೆಳಗಿಟ್ಟ ಮೇಲೆ ನಿಜ ಗೊತ್ತಾಗಿ ಅಜ್ಜಿ ನನಗೆ ಏನಂದಳು ಅನ್ನೋದನ್ನ ಇಲ್ಲಿ ಬರೆಯೋ ಹಾಗಿಲ್ಲ.

ಅವತ್ತು ರಾತ್ರಿ ನಾಟಕದಲ್ಲಿ ದುರ್ಯೋಧನನ ಪಾತ್ರಧಾರಿ ರಂಗಕ್ಕೆ ಬಂದಾಗ ಫ್ಲೋಡಾನ್ ಬಗ್ಗೆ ನನಗೆ ಸರಿಯಾಗಿ ಅರ್ಥ ಆಯ್ತು. ಭೀಮ ಆಗೋರು ಕಿರುಚ್ತಾರೆ. ಒಳ್ಳೇ ದುರ್ಯೋಧನ ಕಿರುಚಲ್ಲ. ಹೊಟ್ಟೆಯಿಂದ ದನಿ ತೆಗೆದು, ಇರೋದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಂತು ಮಾತಾಡ್ತಾನೆ, ಮೈಕ್ ಬೇಕಾಗಲ್ಲ. ಫ್ಲೋಡಾನ್ ಅಂಥವನು. ಪೂರ್ವ ಲಂಡನ್ನಿನ ರೋಲ್ ಡೀಪ್ ಅನ್ನೋ ಗ್ರೈಮ್ (ಲಂಡನ್ನಿನದೇ ಬಿರುಸು ರ‍್ಯಾಪ್) ತಂಡದ ಹಳೇ ಹುಲಿ. 2007ರಲ್ಲಿ ದ ಬಗ್ ಅನ್ನೋ ಸಂಗೀತಗಾರ ಮತ್ತು ಕಿಲ್ಲಾ ಪಿ ಅನ್ನೋ ಇನ್ನೊಬ್ಬ ಮೈಕ್ ಹಿಡಿಯೋನ ಜೊತೆ ಅವನು ಮಾಡಿದ ‘ಸ್ಕೆಂಗ್’ ಕೇಳಿ, ಈ ಹಾಡಿನ ತಾಯಿಬೇರು ಅಲ್ಲಿದೆ. ಇಪ್ಪತ್ತು ವರ್ಷದಿಂದ ಅವನು ಮಾಡ್ತಿರೋದು ಇದನ್ನೇ. ಈಗ ದೊಡ್ಡ ಹೆಸರಿನ ಇಬ್ಬರು ಬಂದು ಪಕ್ಕ ನಿಂತ ಮೇಲೆ ಜಗತ್ತು ತಿರುಗಿ ನೋಡ್ತಿದೆ. ಹಾಡಿನ ಮೇಲೆ ಹೆಸರು ಹಾಕುವಾಗ ಅವನದು ಕೊನೆಗೆ. ನನ್ನ ಕೇಳಿದ್ರೆ ಮೊದಲು ಬರಬೇಕಿತ್ತು. ಅವನ ದನಿ ತೆಗೆದುಬಿಟ್ಟರೆ ಇದು ಒಳ್ಳೇ ಟೆಸ್ಟಿಂಗ್ ಟೋನ್, ಅಷ್ಟೇ.

ಈ ಜಾತಿಯ ಬಾಸಿನ ಕತೆ ನನಗೆ ಹತ್ತಿರ ಆಗೋಕೆ ಇನ್ನೊಂದು ಕಾರಣ ಇದೆ. ಇದರ ಮೂಲ ಜಮೈಕಾದ ಕಿಂಗ್ಸ್‌ಟನ್. 1950ರ ದಶಕದಲ್ಲಿ ಅಲ್ಲಿ ‘ಸೌಂಡ್ ಸಿಸ್ಟಂ’ ಅಂದರೆ ಕ್ಲಬ್ ಅಲ್ಲ, ಬಾಡಿಗೆ ಬಾಕ್ಸು. ದೊಡ್ಡ ದೊಡ್ಡ ಬಾಕ್ಸು ಗಾಡಿಗೆ ಹೇರಿಕೊಂಡು ಹೋಗಿ ಬೀದಿಯಲ್ಲಿ ಜೋಡಿಸೋದು, ಒಬ್ಬ ರೆಕಾರ್ಡ್ ಹಾಕೋದು, ಇನ್ನೊಬ್ಬ ಮೈಕ್ ಹಿಡಿದು ಜನರನ್ನ ಮಾತಾಡಿಸೋದು, ಪಕ್ಕದ ಬೀದಿಯ ಸೆಟ್ಟಿಗಿಂತ ನಮ್ಮದು ಜೋರು ಅನ್ನಿಸೋದು. ಇದನ್ನ ಓದಿದಾಗ ಇದು ಮಂಡ್ಯ ಜಿಲ್ಲೆಯ ಗಣಪತಿ ಸೀಸನ್ನಲ್ಲವೇ ಅನ್ನಿಸಿತು. ಆ ಜನ ಬ್ರಿಟನ್ನಿಗೆ ದುಡಿಯೋಕೆ ಹೋದಾಗ ಬಾಕ್ಸು ಕಟ್ಟೋ ವಿದ್ಯೆಯನ್ನೂ ಒಯ್ದರು. ಅವರ ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ಅದು ಜಂಗಲ್, ಗರಾಜ್ ಅನ್ನೋ ಕುಣಿತದ ಸಂಗೀತ ಆಯ್ತು, 2000ದ ಸುಮಾರಿಗೆ ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿ ಬಿಗ್ ಆ್ಯಪಲ್ ಅನ್ನೋ ರೆಕಾರ್ಡ್ ಅಂಗಡಿಯ ಸುತ್ತ ಸೇರ್ತಿದ್ದ ಹುಡುಗರ ಕೈಯಲ್ಲಿ ಬಾಸೇ ರಾಜನಾದ ಡಬ್‌ಸ್ಟೆಪ್ ಆಯ್ತು. ಆ ಹುಡುಗರಲ್ಲಿ ಮಾಲಾ, ಕೋಕಿ, ಲೋಫಾ ಎಲ್ಲ ಸೇರಿ 2005ರಲ್ಲಿ ಬ್ರಿಕ್ಸ್‌ಟನ್ನಿನಲ್ಲಿ ಡಿಎಂಜೆಡ್ ಅನ್ನೋ ರಾತ್ರಿಗಳನ್ನ ಶುರು ಮಾಡಿದರು. ಬಾಸಿನ ಭಾರದ ಮೇಲೆ ಧ್ಯಾನ ಮಾಡಿ ಅನ್ನೋದು ಅವರ ಘೋಷಣೆ. ಕತ್ತಲೆ, ಮಂದ ಬೆಳಕು, ಎದೆಗೆ ಒದೆಯೋ ಬಾಸ್, ಅಷ್ಟೇ.

ಆ ಧ್ಯಾನವನ್ನ ಕೆಡಿಸಿದ್ದು ಯಾರು ಅಂತ ಕೇಳಿದ್ರೆ ಲಂಡನ್ನಿನ ಹಳಬರು ಬೆರಳು ತೋರಿಸೋದು ಇದೇ ಸ್ಕ್ರಿಲೆಕ್ಸ್ ಕಡೆಗೆ. 2010ರಲ್ಲಿ ಅವನ ‘ಸ್ಕೇರಿ ಮಾನ್ಸ್ಟರ್ಸ್ ಅಂಡ್ ನೈಸ್ ಸ್ಪ್ರೈಟ್ಸ್’ ಬಂದಾಗ ಬಾಸ್ ಪಾತಾಳ ಬಿಟ್ಟು ಮೇಲೆದ್ದು ಗರಗಸದ ಹಾಗೆ ಕಿರ್ರ್ ಅನ್ನತೊಡಗಿತು. ಆಗ ನಾನು ಪಿಯುಸಿ. ಲ್ಯಾಪ್‌ಟಾಪ್ ಸ್ಪೀಕರಲ್ಲೂ ಕೇಳಿಸ್ತಿತ್ತು ನೋಡಿ, ಅದೇ ಅದರ ಗೆಲುವು. ಎಲ್ಲರ ಹತ್ತಿರ ಸಬ್ ಎಲ್ಲಿರುತ್ತೆ? ಹದಿಮೂರು ವರ್ಷ ಆದ ಮೇಲೆ ಆ ಮನುಷ್ಯ ಲಂಡನ್ನಿಗೆ ಹೋಗಿ, ಲಂಡನ್ನಿನ ಇಬ್ಬರನ್ನ ಪಕ್ಕದಲ್ಲಿಟ್ಟುಕೊಂಡು, ಗರಗಸ ಕೆಳಗಿಟ್ಟು ಮತ್ತೆ ಪಾತಾಳಕ್ಕೆ ಇಳಿದಿದ್ದಾನೆ. ಇದು ಪ್ರಾಯಶ್ಚಿತ್ತವೋ ವ್ಯಾಪಾರವೋ ನನಗೆ ಬೇಡ. ಇಳಿದಿದ್ದು ಸರಿಯಾಗಿದೆ. ಹಳೇ ಚಟ ಪೂರ್ತಿ ಬಿಟ್ಟಿಲ್ಲ, ಸದ್ದುಗಳ ಅಂಚು ಬ್ಲೇಡಿನಲ್ಲಿ ಕುಯ್ದ ಹಾಗಿದೆ, ಆ ನಯಗಾರಿಕೆ ಲಂಡನ್ನಿನ ಹಳೇ ರೆಕಾರ್ಡುಗಳಲ್ಲಿ ಇರಲಿಲ್ಲ.

ಈಗ ಡೀಜೆ ಹುಡುಗರಿಗೆ. ಮೊದಲ ತಕರಾರು, ಹಾಡು ಗಿಡ್ಡ. ಎರಡೂವರೆ ನಿಮಿಷದಷ್ಟೇ. ಮಿಕ್ಸ್ ಮಾಡೋಕೆ ಮುಂದೆ ಉದ್ದ ತಾಳವಿಲ್ಲ, ಹಿಂದೆ ಬಾಲವಿಲ್ಲ. ಹಾಡು ಶುರುವಾಯ್ತು ಅನ್ನೋದರೊಳಗೆ ಮುಂದಿನದಕ್ಕೆ ಹೆಡ್‌ಫೋನ್ ಹಾಕಬೇಕು. ಕ್ಲಬ್ಬಿಗೆ ಅಂತಲೇ ಮಾಡಿದ ಹಾಡಿಗೆ ಒಂದು ಉದ್ದನೆ ಮಿಕ್ಸ್ ಕೊಡೋಕೆ ಏನು ಕಷ್ಟ ಇತ್ತೋ. ನಾನು ಶುರುವಿನ ದನಿ ಚೂರುಗಳನ್ನ ನಾಲ್ಕು ಬಾರ್ ಲೂಪ್ ಮಾಡಿಟ್ಟುಕೊಂಡಿದ್ದೀನಿ, ಅದರ ಮೇಲೆ ಹಿಂದಿನ ಹಾಡನ್ನ ಇಳಿಸ್ತೀನಿ. ಎರಡನೆಯದು ವೇಗ. ನಮ್ಮಲ್ಲಿ ಶನಿವಾರದ ಸೆಟ್ಟೆಲ್ಲ 124ರಿಂದ 128ರಲ್ಲಿ ಓಡುತ್ತೆ, ಅಲ್ಲಿಂದ 140ಕ್ಕೆ ನೇರ ಹತ್ತಿಸಿದರೆ ಜನ ಮುಗ್ಗರಿಸ್ತಾರೆ. ನಡುವೆ 70ರ ಆಸುಪಾಸಿನ ಹಿಪ್‌ಹಾಪ್ ಒಂದು ಹಾಕಿ, ಉಸಿರು ಬಿಡಿಸಿ, ಆಮೇಲೆ ಇದಕ್ಕೆ ಬನ್ನಿ. ಅರ್ಧ ಲೆಕ್ಕದಲ್ಲಿ ಎರಡೂ ಒಂದೇ ಹೆಜ್ಜೆ, ಬೆಸುಗೆ ಕಾಣಲ್ಲ.

ಮೂರನೆಯದು ಮುಖ್ಯ. ಯೂಟ್ಯೂಬಿಂದ ಕದ್ದ ಫೈಲ್ ಹಾಕಬೇಡಿ. ನೀತಿ ಪಾಠ ಅಲ್ಲ ಇದು. ಒತ್ತಿ ಒತ್ತಿ ಚಿಕ್ಕದು ಮಾಡಿದ ಫೈಲಲ್ಲಿ ಮೊದಲು ಹಾಳಾಗೋದು ಚಟಪಟ ಸದ್ದುಗಳ ಚೂಪು, ಆಮೇಲೆ ಮೌನದ ಶುದ್ಧಿ. ಮೌನದಲ್ಲಿ ಕಸ ಕೇಳಿಸಿದ್ರೆ ಈ ಹಾಡು ಮುಗೀತು. ಹಾಗೆ ಒತ್ತದೇ ಇರೋ ವೇವ್ ಫೈಲ್ ಕೊಳ್ಳಿ.

ಸಬ್ ವಿಷಯದಲ್ಲೂ ಹುಷಾರು. ಜನವರಿ ಕೊನೆಯಲ್ಲಿ ನಗರದ ಇನ್ನೊಂದು ಕಡೆ, ಹೆಸರು ಬೇಡ, ಅತಿಥಿಯಾಗಿ ನುಡಿಸೋಕೆ ಕರೆದಿದ್ದರು. ಅಲ್ಲಿನ ಬಾಕ್ಸುಗಳಿಗೆ ಕೆಳಗಿನ ಸದ್ದು ತಡೆಯೋ ಫಿಲ್ಟರೇ ಹಾಕಿರಲಿಲ್ಲ. ತೂತಿನ ಬಾಕ್ಸು ತಾನು ಟ್ಯೂನ್ ಆದ ಮಟ್ಟಕ್ಕಿಂತ ಕೆಳಗೆ ಹೋದರೆ ಸದ್ದು ಕೊಡಲ್ಲ, ಕೋನ್ ಮಾತ್ರ ಗಾಳಿಯಲ್ಲಿ ಬಡ್ಕೊಳ್ಳುತ್ತೆ. ಸದ್ದು ಸಾಲದು ಅಂತ ಅಲ್ಲಿನವನು ಇನ್ನೂ ಏರಿಸಿದ. ಬೇಡಪ್ಪ ಅಂದೆ, ಕೇಳಲಿಲ್ಲ. ಎರಡನೇ ಡ್ರಾಪಿಗೆ ವಾಸನೆ ಬಂತು. ಸುಟ್ಟ ಕಾಯಿಲಿನ (ಕೋನ್ ಅಲುಗಿಸೋ ತಂತಿ ಸುರುಳಿ) ವಾಸನೆ ಗೊತ್ತಿದ್ದವರಿಗೆ ಗೊತ್ತು, ವಾರ್ನಿಷ್ ಮತ್ತು ದುಃಖ ಸೇರಿದ ಹಾಗೆ. ನನ್ನ ಪೇಮೆಂಟಿಂದ ಅದರ ದುಡ್ಡು ಹಿಡಿದರು. ಹೀಗಾಗಿ ನನ್ನ ಲೆಕ್ಕದಲ್ಲಿ ‘ರಂಬಲ್’ ಇದುವರೆಗೂ ನಾನು ಕೊಂಡ ಅತಿ ದುಬಾರಿ ಹಾಡು.

ಇನ್ನೊಂದು ಮಾತು, ಇದನ್ನ ರಾತ್ರಿಗೆ ಒಂದೇ ಸಲ ಹಾಕಿ, ಅದೂ ಸಬ್ ತಣ್ಣಗಿದ್ದಾಗ. ಮೆರವಣಿಗೆಯಲ್ಲಿ ತಮಟೆಯವರು ನಡುನಡುವೆ ನಿಂತು ಹುಲ್ಲು, ಪೇಪರ್ ಉರಿಸಿ ಚರ್ಮ ಕಾಯಿಸಿಕೊಳ್ತಾರಲ್ಲ, ಸ್ಪೀಕರ್ ಅದಕ್ಕೆ ತದ್ವಿರುದ್ಧ. ತಮಟೆ ಕಾದಷ್ಟೂ ನುಡಿಯುತ್ತೆ, ಕಾಯಿಲ್ ಕಾದಷ್ಟೂ ಮಂಕಾಗುತ್ತೆ. ನಮ್ಮಲ್ಲಿ ಒಂದು ಗಂಟೆಗೆ ಬಾಗಿಲು ಹಾಕಬೇಕು, ಎಲ್ಲರೂ ಇಂಥ ಹಾಡನ್ನ ಹನ್ನೆರಡೂವರೆಗೆ ಅಂತ ಎತ್ತಿಡ್ತಾರೆ. ಅಷ್ಟು ಹೊತ್ತಿಗೆ ಸಬ್ ನಾಲ್ಕು ಗಂಟೆ ದುಡಿದು ಬೆವರು ಸುರಿಸ್ತಿರುತ್ತೆ. ನಾನು ಹತ್ತೂವರೆಗೆ ಹಾಕ್ತೀನಿ. ಜನ ಕಮ್ಮಿ ಇದ್ದರೂ ಪರವಾಗಿಲ್ಲ, ಇದ್ದವರು ಮನೆಗೆ ಹೋಗಲ್ಲ.

ಫೆಬ್ರವರಿ 17ಕ್ಕೆ ಈ ಹಾಡಿರೋ ಸ್ಕ್ರಿಲೆಕ್ಸ್ ಆಲ್ಬಂ ‘ಕ್ವೆಸ್ಟ್ ಫಾರ್ ಫೈರ್’ ಬಂತು, 2014ರ ನಂತರ ಅವನ ಮೊದಲನೆಯದು. ಮಾರನೇ ದಿನವೇ ಇನ್ನೊಂದು ಆಲ್ಬಂ. ಒಂದು ಹೆರಿಗೆಗೆ ಒಂಬತ್ತು ವರ್ಷ, ಹುಟ್ಟಿದ್ದು ಅವಳಿ. ಎರಡನೆಯದನ್ನ ನಾನು ಅರ್ಧಕ್ಕೆ ಬಿಟ್ಟೆ, ಅದು ಕ್ಲಬ್ಬಿಗಲ್ಲ. ಮೊದಲನೆಯದರಲ್ಲಿ ಅಮೆರಿಕದ ರ‍್ಯಾಪರ್ ಮಿಸ್ಸಿ ಎಲಿಯಟ್ ಇರೋ ‘ರಟಾಟ’ ತಮಾಷೆಯಾಗಿದೆ, ಆದರೆ ಎರಡು ಸಲಕ್ಕೆ ಸಾಕು. ಬ್ರಿಸ್ಟಲ್ಲಿನ ಜೋಕರ್ ಜೊತೆಗಿನ ‘ಟಿಯರ್ಸ್’ ರಂಬಲ್ಲಿಗಿಂತ ಸಿಟ್ಟಿನದು, ಬಾಕ್ಸಿಗೆ ಕರುಣೆ ತೋರಿಸಲ್ಲ. ಪ್ಯಾಲೆಸ್ಟೀನಿನ ಗಾಯಕಿ ನಾಯ್ ಬರ್ಗೂತಿ ಹಾಡಿರೋ ‘ಜೀನಾ’ವನ್ನ ಮಾತ್ರ ಬಿಡಬೇಡಿ. ಅದರ ತಾಳದ ಪೆಟ್ಟು ಕೇಳಿದ್ರೆ ನಮ್ಮ ಕಡೆಯವರಿಗೆ ಕಾಲು ತಾನಾಗೇ ಎತ್ತುತ್ತೆ. ಫ್ಲೋಡಾನ್ ಮತ್ತೆ ‘ಹೈಡ್ರೇಟ್’ನಲ್ಲಿ ಬರ್ತಾನೆ, ಅಲ್ಲಿ ಜನ ಜಾಸ್ತಿ, ಉಪ್ಪೂ ಜಾಸ್ತಿ.

ಶಿವರಾತ್ರಿ ಜಾಗರಣೆ ಮುಗಿದು ಬೆಳಗಿನ ಜಾವ ವೈರ್ ಸುತ್ತುತ್ತಾ ಕೂತಿದ್ದಾಗ ಫೋನಲ್ಲಿ ನ್ಯೂಯಾರ್ಕಿನ ತುಣುಕುಗಳು ಬರತೊಡಗಿದವು. ಅಲ್ಲಿ ಅದೇ 18ನೇ ತಾರೀಕಿನ ರಾತ್ರಿ. ಸ್ಕ್ರಿಲೆಕ್ಸ್, ಫ್ರೆಡ್, ಲಂಡನ್ನಿನ ಇನ್ನೊಬ್ಬ ಡೀಜೆ ಫೋರ್ ಟೆಟ್ ಮೂವರೂ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಅನ್ನೋ ದೊಡ್ಡ ಒಳಾಂಗಣ ಕ್ರೀಡಾಂಗಣದ ನಟ್ಟನಡುವೆ ಟೇಬಲ್ ಹಾಕಿಕೊಂಡು ಐದು ಗಂಟೆ ನುಡಿಸಿದರಂತೆ, ಸುತ್ತ ಸಾವಿರಾರು ಜನ. ಅವರದ್ದೂ ಜಾಗರಣೆಯೇ. ಅಪ್ಪ ಪಕ್ಕದಲ್ಲಿ ಚಹಾ ಕುಡೀತಾ ಬಗ್ಗಿ ನೋಡಿದ್ರು. ‘ಎಷ್ಟು ಬಾಕ್ಸ್ ಅವೆ?’ ಅಂದ್ರು. ಜನ ಎಷ್ಟು ಅಂತ ಕೇಳಲಿಲ್ಲ.

ನನ್ನ ಪೆನ್‌ಡ್ರೈವ್ ಅಲ್ಲೇ ಮರೆತು ಬಂದೆ. ಕಳೆದ ವಾರ ಊರಿಗೆ ಹೋದಾಗ ನೋಡಿದರೆ ಅಪ್ಪ ಅದಕ್ಕೆ ಬಿಳಿ ಟೇಪ್ ಸುತ್ತಿ ‘ಗುಡುಗು’ ಅಂತ ಬರೆದು ಅಂಗಡಿಯ ಮಿಕ್ಸರಿಗೆ ಚುಚ್ಚಿಟ್ಟಿದ್ದಾರೆ. ಬಾಡಿಗೆಗೆ ಬಾಕ್ಸ್ ಕಳಿಸೋ ಮುಂಚೆ ಅದರಲ್ಲಿ ಇಪ್ಪತ್ತು ಸೆಕೆಂಡ್ ಓಡಿಸ್ತಾರೆ. ಎಲ್ಲಾದರೂ ಪ್ಲೈವುಡ್ ಬಿಟ್ಟಿದ್ದರೆ, ಗ್ರಿಲ್ ಸಡಿಲ ಇದ್ದರೆ ಆ ಮೌನದಲ್ಲಿ ಗಿರ್ರ್ ಅಂತ ಸಿಕ್ಕಿಬೀಳುತ್ತೆ. ಮೂರನೇ ಬಾಕ್ಸಿನ ಹಿಂದಿನ ಸ್ಕ್ರೂ ಬಿದ್ದುಹೋಗಿ ಎಷ್ಟು ಕಾಲ ಆಗಿತ್ತೋ, ಈ ಹಾಡಿನಿಂದ ಸಿಕ್ಕಿತು. ಹಾಕಿಸಿದ್ದಾರೆ.